ಅಣಕು ಸೀಟಿಗೆ ಹಂಚಿದ ಪೇಡಾ

ಯಾರ ಮನೆಗೆ ಹೋದರೂ ನೆಲವನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವ ಚಟವೊಂದು ನನಗೆ ಹತ್ತಿಕೊಂಡಿದೆ. ಬಾಗುವುದಕ್ಕೆ ಸೊಂಟ ಒಪ್ಪದ ದಿನ ಹಿಮ್ಮಡಿಯಿಂದಲೇ ಕುಟ್ಟುತ್ತೇನೆ. ಈಚೆಗೆ ತಂಗಿಯ ಮಗಳ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋಗಿದ್ದೆ. ಪುರೋಹಿತರು ಸಂಕಲ್ಪ ಹೇಳಿಸುತ್ತಿದ್ದಾರೆ, ಎಲ್ಲರೂ ಅಕ್ಷತೆ ಹಿಡಿದು ಕೂತಿದ್ದಾರೆ, ನಾನು ಚಾಪೆಯ ಅಂಚಿನಲ್ಲಿ ಟಕ್ ಟಕ್ ಎಂದು ಬಡಿದು, "ಇದೊಂದು ಒಳಗೆ ಪೊಳ್ಳು ಕಣೇ" ಎಂದುಬಿಟ್ಟೆ. ಅವಳು ಊಟ ಮುಗಿಯುವವರೆಗೆ ನನ್ನ ಜತೆ ಮಾತಾಡಲಿಲ್ಲ. ಒಬ್ಬಟ್ಟು ಬಡಿಸುವಾಗಲೂ ನನ್ನ ಎಲೆಯನ್ನು ಸ್ವಲ್ಪ ಬೇಗ ದಾಟಿದಳು ಎಂದು ನನ್ನ ಅನುಮಾನ.

ಈ ಚಟ ಅಂಟಿಸಿದವನು ಶರಣಪ್ಪ. ರಾಮಮೂರ್ತಿ ನಗರದ ನಮ್ಮ ಮನೆಯ ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ಹನ್ನೆರಡು ವರ್ಷದಿಂದ ಬಾಡಿಗೆಗಿರುವ ಟೈಲ್ಸ್ ಮೇಸ್ತ್ರಿ. ಕಲಬುರಗಿ ಕಡೆಯವನು. ಊರಿನಲ್ಲಿ ಶಹಾಬಾದ್ ಕಲ್ಲು ಹಾಸುತ್ತಿದ್ದವನು ಇಲ್ಲಿಗೆ ಬಂದು ಟೈಲ್ಸಿಗೆ ಇಳಿದ. ಹೆಂಡತಿ ನೀಲಮ್ಮ ಬೈಯಪ್ಪನಹಳ್ಳಿಯ ಒಂದು ಪೀಜಿಯಲ್ಲಿ ಅಡುಗೆ ಮಾಡುತ್ತಾಳೆ. ಒಬ್ಬಳೇ ಮಗಳು, ಭಾಗ್ಯ. ನಮ್ಮ ಅಡುಗೆಮನೆಗೆ ಟೈಲ್ಸ್ ಹಾಕಿದ್ದು ಶರಣಪ್ಪನೇ. ಎರಡು ಮೊಣಕಾಲಿಗೂ ಹಳೆಯ ಟೈರ್ ಟ್ಯೂಬಿನ ಪಟ್ಟಿ ಕಟ್ಟಿಕೊಂಡು, ಒಂದೊಂದು ಟೈಲ್ ಕೂರಿಸಿದ ಮೇಲೂ ಕರಣೆಯ ಹಿಡಿಯಿಂದ ಅದರ ನಾಲ್ಕು ಮೂಲೆಗೂ ನಡುವಿಗೂ ಬಡಿದು, ಕಿವಿ ಬಗ್ಗಿಸಿ ಕೇಳುತ್ತಿದ್ದ. ನೋಡುವುದಕ್ಕೆ ಚೆನ್ನಾಗಿಯೇ ಇದ್ದ ಒಂದನ್ನು ಎಬ್ಬಿಸಿ ತೆಗೆದಾಗ ನಾನು ರೇಗಿದೆ. "ಒಳಗ ಪೊಳ್ಳ ಅದರೀ ಅಮ್ಮಾರ. ಇವತ್ತ ಕಾಣಂಗಿಲ್ಲ. ನಾಳಿ ಹಿಟ್ಟಿನ ಡಬ್ಬಿ ಬಿತ್ತಂದ್ರ ಒಡೀತದ" ಎಂದ. ಅಂದಿನಿಂದ ನನಗೆ ಜಗತ್ತಿನ ನೆಲಗಳ ಮೇಲೆಲ್ಲ ಅನುಮಾನ.

ಬಡಿದು ನೋಡುವ ವಿದ್ಯೆ ನಮ್ಮ ವಂಶದಲ್ಲಿ ಮೊದಲೇ ಇತ್ತು ಅನ್ನಿ. ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಕೆರೆಯ ಹಿಂದಿನ ಒಂದು ಗಲ್ಲಿಯಲ್ಲಿ. ಮಾವಿನಕಾಯಿ ಬರುವ ಕಾಲಕ್ಕೆ ಅಮ್ಮ ಉಪ್ಪಿನಕಾಯಿ ಜಾಡಿ ಕೊಳ್ಳಲು ಶಿವಾಜಿನಗರಕ್ಕೆ ಹೋಗುತ್ತಿದ್ದಳು. ನನ್ನನ್ನೂ ಕರೆದೊಯ್ಯುವುದು ರೂಢಿ, ಜಾಡಿ ಹೊರುವುದಕ್ಕೆ. ಅಂಗಡಿಯ ಸಾಬರು ಇಟ್ಟಿದ್ದ ಅಷ್ಟೂ ಜಾಡಿಗಳನ್ನು ಅಮ್ಮ ಬೆರಳಿಂದ ಬಡಿಯುವಳು. ಕೆಲವು ಠಣ್ ಎನ್ನುವವು, ಕೆಲವು ದಬ್ ಎನ್ನುವವು. ದಬ್ ಎಂದವುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದಂತೆ. ಸಾಬರು ದಖ್ಖನಿಯಲ್ಲಿ ಗೊಣಗುವರು, ಅಮ್ಮ ತಮಿಳಿನಲ್ಲಿ ಉತ್ತರ ಕೊಡುವಳು, ಇಬ್ಬರಿಗೂ ಅರ್ಥವಾಗುತ್ತಿತ್ತು. ಕಡೆಗೆ ಅಮ್ಮ ಮೊದಲು ಮುಟ್ಟಿದ ಜಾಡಿಯನ್ನೇ ಕೊಳ್ಳುತ್ತಿದ್ದಳು.

ಪಿಂಗಾಣಿಯ ಜತೆಗೆ ನಮಗೆ ಇನ್ನೊಂದು ನಂಟೂ ಇತ್ತು. ನನ್ನ ಸೋದರಮಾವ ಒಂದು ಪಿಂಗಾಣಿ ಕಾರ್ಖಾನೆಯಲ್ಲಿದ್ದ. ಪ್ರತಿ ಯುಗಾದಿಗೂ ಬರುವಾಗ ಕಾರ್ಖಾನೆಯಲ್ಲಿ ಬೇಡವೆಂದು ಬದಿಗಿಟ್ಟ ಮಾಲನ್ನು ಹುಲ್ಲು ಸುತ್ತಿ ತರುತ್ತಿದ್ದ. ಮುಚ್ಚಳವಿಲ್ಲದ ಟೀ ಪಾಟು, ಹಿಡಿ ಸೊಟ್ಟಗಿದ್ದ ಕಪ್ಪು, ಕರೆಂಟ್ ಕಂಬದ ಮೇಲೆ ಕೂರುವ ಬಿಳಿಯ ದಪ್ಪ ಬುಗುರಿಗಳು. ಆ ಬುಗುರಿ ನಮ್ಮ ಮನೆಯಲ್ಲಿ ನಾಲ್ಕಿದ್ದವು. ಎರಡು ಬಾಗಿಲಿಗೆ ಒತ್ತು, ಒಂದು ಉಪ್ಪು ಹಾಕಿದ ನೆಲ್ಲಿಕಾಯಿಯ ಮೇಲೆ ಭಾರಕ್ಕೆ. ನಾಲ್ಕನೆಯದು ನನ್ನ ಪಾಲಿಗೆ ಬಂದು ಶಿವಲಿಂಗವಾಗಿತ್ತು. ಕಣಗಿಲೆ ಹೂವಿಟ್ಟು, ಗಂಟೆಯ ಬದಲಿಗೆ ಲೋಟ ಬಡಿದು ಪೂಜೆ ಮಾಡುತ್ತಿದ್ದೆ. ನನ್ನ ದೇವರಿಗೆ ಹೈ ಟೆನ್ಷನ್ ತಂತಿ ಹೊರುವ ಶಕ್ತಿಯಿತ್ತೆಂದು ಆಗ ಗೊತ್ತಿರಲಿಲ್ಲ.

ಹೀಗಾಗಿ ಭಾಗ್ಯ ಒಂದು ದಿನ ಮಹಡಿಯಿಂದ ಇಳಿದು ಬಂದು, ತಾನು ಸೆರಾಮಿಕ್ ಇಂಜಿನಿಯರಿಂಗ್ ಓದಬೇಕೆಂದಿದ್ದೇನೆ ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಮಾವ ತಂದ ಮುಚ್ಚಳವಿಲ್ಲದ ಟೀ ಪಾಟು. ಮಡಕೆ ಕುಡಿಕೆ ಮಾಡುವುದಕ್ಕೂ ನಾಲ್ಕು ವರ್ಷದ ಇಂಜಿನಿಯರಿಂಗಾ ಎಂದು ಕೇಳಿದೆ. ಅವಳು ನಕ್ಕಳು. ಕಬ್ಬಿಣ ಕರಗಿಸುವ ಕುಲುಮೆಯ ಒಳಗೋಡೆಯ ಇಟ್ಟಿಗೆಯಿಂದ ಹಿಡಿದು ಸ್ಕೂಟರಿನ ಸ್ಪಾರ್ಕ್ ಪ್ಲಗ್ಗಿನವರೆಗೆ ಎಲ್ಲಿ ಎಲ್ಲಿ ಸೆರಾಮಿಕ್ ಇದೆ ಎಂದು ಬೆರಳು ಮಡಚುತ್ತಾ ಹೇಳಿದಳು. ನಾನು ಸೋಲುವ ಪೈಕಿ ಅಲ್ಲ, ನನ್ನ ಜೀವನಕ್ಕೂ ಅದಕ್ಕೂ ಏನು ಸಂಬಂಧ ಎಂದೆ. "ನಿಮ್ಮ ಹಲ್ಲಿನ ಕ್ಯಾಪು ಸೆರಾಮಿಕ್ಕೇ ಅಲ್ವಾ ಆಂಟಿ" ಎಂದಳು. ನಿಜ, ಡಾಕ್ಟರು ಹಾಗೇ ಹೇಳಿದ್ದರು. ಹಲ್ಲಿನ ವಿಷಯ ಬಂದ ಮೇಲೆ ನಾನು ಬಾಯಿ ಮುಚ್ಚಿದೆ.

ಭಾಗ್ಯಳ ಬಗ್ಗೆ ಒಂದು ಮಾತು. ಅವಳಿಗೆ ಎರಡು ಕನ್ನಡ ಬರುತ್ತದೆ. ಮಹಡಿ ಮೇಲೆ ಅಪ್ಪ ಅಮ್ಮನ ಜತೆ ಕಲಬುರಗಿಯ ಕನ್ನಡ, ಕೆಳಗೆ ನನ್ನ ಜತೆ ಬೆಂಗಳೂರಿನದು. ಬದಲಾವಣೆ ಮೆಟ್ಟಿಲ ಮೇಲೆ, ಸುಮಾರು ಆರನೆಯ ಮೆಟ್ಟಿಲಲ್ಲಿ ಆಗುತ್ತದೆ. ಬರುವಾಗ "ಹೋಗಿ ಬರ್ತೀನವ್ವಾ" ಎಂದು ಮೇಲಕ್ಕೆ ಕೂಗಿದವಳು, ಕಾಲು ನೆಲಕ್ಕಿಡುವಷ್ಟರಲ್ಲಿ "ಆಂಟಿ, ಫ್ರೀ ಇದ್ದೀರಾ" ಎನ್ನುತ್ತಾಳೆ. ಆರನೆಯ ವಯಸ್ಸಿನಿಂದ ನಮ್ಮ ಹಜಾರದಲ್ಲಿ ಕೂತು ಓದಿದ ಮಗು. ನನಗೆ ಮಕ್ಕಳಿಲ್ಲ. ಅವಳ ಮೇಲೆ ನನಗೆ ಹಕ್ಕಿದೆ ಎಂದು ನಾನು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದೆ, ಯಾರನ್ನೂ ಕೇಳದೆ.

ಸಿಇಟಿಯಲ್ಲಿ ಅವಳ ರ್‍ಯಾಂಕು ತೀರ ಮೇಲೂ ಅಲ್ಲ, ತೀರ ಕೆಳಗೂ ಅಲ್ಲ. ಮುಂದಿನದು ಆಪ್ಷನ್ ಎಂಟ್ರಿ. ಮನೆಯಲ್ಲಿ ಮಕ್ಕಳಿರುವವರಿಗೆ ಇದು ಗೊತ್ತು, ಇಲ್ಲದವರಿಗೆ ಹೇಳುತ್ತೇನೆ. ಯಾವ ಕಾಲೇಜಿನ ಯಾವ ವಿಭಾಗ ಬೇಕು ಎಂಬುದನ್ನು ಮೊದಲು ಇದು, ಇಲ್ಲದಿದ್ದರೆ ಇದು, ಅದೂ ಇಲ್ಲದಿದ್ದರೆ ಇದು ಎಂದು ಸಾಲಾಗಿ ಕಂಪ್ಯೂಟರಿಗೆ ಕೊಡಬೇಕು. ಅದು ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ್‍ಯಾಂಕಿಗೆ ಯಾವುದು ಮೊದಲು ದಕ್ಕುತ್ತದೋ ಅದನ್ನು ಕೊಟ್ಟು ಮುಗಿಸುತ್ತದೆ. ಅದರ ಕೆಳಗೆ ಬರೆದದ್ದೆಲ್ಲ ಲೆಕ್ಕಕ್ಕಿಲ್ಲ. ಹಾಗಾಗಿ ಎಲ್ಲವೂ ಸಾಲಿನ ಮೇಲೆ ನಿಂತಿದೆ. ನಿಜವಾದ ಹಂಚಿಕೆಗೆ ಮುಂಚೆ ಒಂದು ಸುಳ್ಳು ಹಂಚಿಕೆಯನ್ನೂ ಮಾಡಿ ತೋರಿಸುತ್ತಾರೆ. ಪತ್ರಿಕೆಗಳಲ್ಲಿ ಅದಕ್ಕೆ ಅಣಕು ಸೀಟು ಹಂಚಿಕೆ ಎನ್ನುತ್ತಾರೆ. ಅದನ್ನು ನೋಡಿ, ಬೇಕಿದ್ದರೆ ಸಾಲನ್ನು ಹಿಂದೆ ಮುಂದೆ ಮಾಡಿಕೊಳ್ಳಲು ಎರಡು ಮೂರು ದಿನ ಸಿಗುತ್ತದೆ.

ಭಾಗ್ಯ ಗೆರೆ ಹಾಕಿದ ಹಾಳೆಯಲ್ಲಿ ತನ್ನ ಸಾಲು ಬರೆದುಕೊಂಡು ಬಂದಳು. ನನ್ನ ಹಳೆಯ ಕಂಪ್ಯೂಟರಿನಲ್ಲೇ ತುಂಬಿದಳು. ಮೊದಲನೆಯದು ಕಲಬುರಗಿಯ ಕಾಲೇಜಿನಲ್ಲಿ ಸೆರಾಮಿಕ್. ಆಮೇಲೆ ಸಿವಿಲ್ಲು, ಅದು ಇದು. ಕಟ್ಟಕಡೆಗೆ, ಅಪ್ಪನ ಸಮಾಧಾನಕ್ಕೆಂದು, ಕೆ.ಆರ್. ಪುರದ ಆಚೆಯ ಒಂದು ಹೊಸ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್. ಅಲ್ಲ ಕಣೇ, ಬೆಂಗಳೂರಲ್ಲಿ ಬೆಳೆದವಳು ಓದುವುದಕ್ಕೆ ಕಲಬುರಗಿಗೆ ಹೋಗುತ್ತೀಯಾ, ಯಾಕೆ ಅದೇ ಬೇಕು ಎಂದು ಕೇಳಿದೆ. ಇಷ್ಟ ಆಂಟಿ, ಅಷ್ಟೇ ಎಂದಳು. ಪಾಸ್‌ವರ್ಡನ್ನು ಅದೇ ಹಾಳೆಯ ಹಿಂದೆ ಬರೆದು, ಮೇಲೆ ಇಟ್ಟರೆ ಕಳೆದುಹೋಗುತ್ತದೆಂದು ನನ್ನ ಕೈಗೇ ಕೊಟ್ಟು ಹೋದಳು. ನಾನದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಮರುದಿನ ಸಂಜೆ ಶರಣಪ್ಪ ಬಂದ. ಒಳಗೆ ಕರೆದರೂ ಬರಲಿಲ್ಲ, ಕಡೆಯ ಮೆಟ್ಟಿಲ ಮೇಲೆ ಮೊಣಕಾಲು ನೀಡಿಕೊಂಡು ಕೂತ. ಇಪ್ಪತ್ತು ವರ್ಷ ಮೊಣಕಾಲೂರಿ ಕೆಲಸ ಮಾಡಿದವನು, ಈಗ ಮೆಟ್ಟಿಲನ್ನು ಏಡಿಯ ಹಾಗೆ ಪಕ್ಕಕ್ಕೆ ತಿರುಗಿ ಹತ್ತುತ್ತಾನೆ. ಮೆಟ್ಟಿಲಂಚಿನ ಒಡಕನ್ನು ಉಗುರಿನಿಂದ ಕೆರೆದ. ಆಮೇಲೆ, "ಅಮ್ಮಾರ, ನಾ ಆ ಕಲ್ಲಿನ ಊರು ಬಿಟ್ಟು ಬಂದದ್ದ ಈಕಿ ಸಲುವಾಗಿ. ಈಕಿ ಹೊಳ್ಳಿ ಅಲ್ಲಿಗೇ ಹೊಂಟಾಳ, ಅದೇ ಟೈಲ್ಸ್ ಕಲೀಲಾಕ. ನನ್ನ ಮಾತ ಕೇಳವಲ್ಲಳು. ನೀವರ ಒಂದ್ ಮಾತ ಹೇಳ್ರಿ" ಎಂದ. ಎಲ್ಲರ ಮಕ್ಕಳಂತೆ ತನ್ನ ಮಗಳೂ ಏಸಿ ರೂಮಿನಲ್ಲಿ ಕುರ್ಚಿಯ ಮೇಲೆ ಕೂರಬೇಕು, ಅಷ್ಟೇ ಅವನ ಆಸೆ. ಕುರ್ಚಿ ಎನ್ನುವಾಗ ಅವನ ಕೈ ತಾನಾಗಿ ಮೊಣಕಾಲಿನ ಮೇಲೆ ಹೋಯಿತು.

ಅವನು ಕೇಳಿದ್ದು ಒಂದು ಮಾತು ಹೇಳಿ ಎಂದು. ನಾನು ಹೇಳಲಿಲ್ಲ, ಮಾಡಿದೆ. ಸಲಹೆ ಕೊಡುವುದು ನಮ್ಮ ಬೀದಿಯಲ್ಲಿ ನನ್ನ ಕಾಯಂ ಹುದ್ದೆ. ನಿವೃತ್ತಿಯಾದ ಮೇಲೆ ಅದು ಇನ್ನೂ ಜೋರಾಗಿದೆ. ಯಾರೂ ಕೇಳದ ಸಲಹೆ ಕೊಟ್ಟು, ಅದು ಕೆಟ್ಟರೆ ಅವರು ಸರಿಯಾಗಿ ಪಾಲಿಸಲಿಲ್ಲ ಎಂದು ಜಾರಿಕೊಳ್ಳುತ್ತೇನೆ. ಆದರೆ ಅವತ್ತು ಸಲಹೆಯ ಗಡಿಯನ್ನೂ ದಾಟಿದೆ. ಭಾಗ್ಯ ಮನೆಯಲ್ಲಿಲ್ಲದ ಹೊತ್ತು ನೋಡಿ ಕ್ಯಾಲೆಂಡರಿನ ಹಿಂದಿನ ಹಾಳೆ ತೆಗೆದೆ, ಕನ್ನಡಕ ಒರೆಸಿಕೊಂಡೆ, ಕಡೆಯಲ್ಲಿದ್ದ ಕಂಪ್ಯೂಟರ್ ಸೈನ್ಸನ್ನು ಎತ್ತಿ ಮೊದಲಿಗೆ ಇಟ್ಟೆ. ಮಗುವಿಗೆ ತಿಳಿಯದ ಹಾಗೆ ಹಾಲಿನಲ್ಲಿ ಹರಳೆಣ್ಣೆ ಬೆರೆಸಿ ಕುಡಿಸುವುದಿಲ್ಲವೇ, ಹಾಗೆ ಎಂದುಕೊಂಡೆ. ಶರಣಪ್ಪನಿಗೆ, ಆಯಿತಪ್ಪ, ನಾನು ನೋಡಿಕೊಂಡಿದ್ದೇನೆ ಎಂದಷ್ಟೇ ಹೇಳಿದೆ. ಏನು ನೋಡಿಕೊಂಡಿರಿ ಎಂದು ಅವನು ಕೇಳಲಿಲ್ಲ, ಕೈ ಮುಗಿದ.

ಅಣಕು ಹಂಚಿಕೆಯ ದಿನ ಮಹಡಿ ಮೇಲೆ ಗದ್ದಲವೋ ಗದ್ದಲ. ಭಾಗ್ಯಳ ಫೋನಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂದು ಬಂದಿತ್ತು. ಇದು ಸುಮ್ಮನೆ ತೋರಿಸುವುದು, ನಿಜವಾದದ್ದಲ್ಲ ಎಂದು ಅವಳು ಅಪ್ಪನಿಗೆ ಎಷ್ಟೋ ಹೇಳಿ ನೋಡಿದಳಂತೆ. ಸರ್ಕಾರದವರು ಸುಳ್ಳು ಸುಳ್ಳೇ ಯಾರಿಗಾದರೂ ಸೀಟು ಕೊಡುತ್ತಾರೆಯೇ, ಹೆಸರು ಬಂದಿದೆಯಲ್ಲ, ಅಷ್ಟು ಸಾಕು ಎಂದುಬಿಟ್ಟ ಶರಣಪ್ಪ. ಊರಿನಲ್ಲಿದ್ದ ಅಕ್ಕನಿಗೆ, ಅಕ್ಕನ ಮಗನಿಗೆ, ಕೆಲಸದ ಕಟ್ಟಡದ ಇಂಜಿನಿಯರಿಗೆ, ಎಲ್ಲರಿಗೂ ಫೋನು ಹೋಯಿತು. ನೀಲಮ್ಮ ಪೀಜಿಯ ಹುಡುಗಿಯರಿಗೆಲ್ಲ ಸಿಹಿ ಹಂಚಿದಳು. ಶರಣಪ್ಪ ದೂದ್ ಪೇಡಾದ ಪೊಟ್ಟಣವನ್ನು ಎರಡು ಕೈಯಲ್ಲೂ ಹಿಡಿದು ನಮ್ಮ ಬಾಗಿಲಿಗೆ ಬಂದ. ಸಿಹಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಎರಡು ತಿಂದೆ. ಅವನು ಅಷ್ಟು ನಗುವುದನ್ನು ಹನ್ನೆರಡು ವರ್ಷದಲ್ಲಿ ನಾನು ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಭಾಗ್ಯ ಬಂದಳು. ಮುಖ ಇಷ್ಟೇ ಇಷ್ಟಾಗಿತ್ತು.

"ಆಂಟಿ, ನೀವೂ ನೋಡಿದ್ರಲ್ವಾ, ಮೊದಲ್ನೇದಕ್ಕೆ ಸೆರಾಮಿಕ್ ಹಾಕಿದ್ನಲ್ವಾ? ಈಗ ನೋಡಿದ್ರೆ ಕಂಪ್ಯೂಟರ್ ಸೈನ್ಸ್ ಮೇಲಿದೆ. ನಾನೇ ಏನಾದ್ರೂ ತಪ್ಪು ಒತ್ತಿಬಿಟ್ನಾ?"

ಆಗಲೇ ಹೇಳಿಬಿಡಬಹುದಿತ್ತು. ಬಾಯಲ್ಲಿನ್ನೂ ಪೇಡಾದ ಸಿಹಿ ಇತ್ತು. ಇರಬಹುದಮ್ಮ, ಈ ಕಂಪ್ಯೂಟರುಗಳನ್ನು ನಂಬಲಿಕ್ಕಾಗುವುದಿಲ್ಲ, ಆದದ್ದೆಲ್ಲ ಒಳ್ಳೆಯದಕ್ಕೇ ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು. ಮತ್ತೆ ಬದಲಾಯಿಸಲು ಇನ್ನೂ ಎರಡು ದಿನವಿದೆ, ಆದರೆ ಅಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದಾನೆ, ಹೇಗೆ ಬದಲಾಯಿಸಲಿ ಎಂದಳು. ನಾನು ಪೇಡಾದ ಪೊಟ್ಟಣ ಮುಚ್ಚಿಟ್ಟೆ. ಅವಳು ತನ್ನ ಬಲಗೈಯ ತೋರುಬೆರಳನ್ನು ಒಮ್ಮೆ ನೋಡಿಕೊಂಡು ಮೇಲೆ ಹೋದಳು.

ಇಲ್ಲಿ ನನ್ನ ಬಿ.ಕಾಂ. ಕಥೆ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಪಿಯುಸಿ ಮುಗಿದಾಗ ನನಗೆ ಸಸ್ಯಶಾಸ್ತ್ರ ಓದುವ ಹುಚ್ಚು. ಹಲಸೂರು ಕೆರೆಯ ದಂಡೆಯಲ್ಲಿ ಸಿಕ್ಕಿದ ಎಲೆಗಳನ್ನೆಲ್ಲ ಹಳೆಯ ಪಂಚಾಂಗದೊಳಗೆ ಒತ್ತಿ ಇಟ್ಟಿದ್ದೆ. ಅಮಾವಾಸ್ಯೆ ಯಾವಾಗ ಎಂದು ನೋಡಲು ಅಪ್ಪ ಪುಟ ತೆಗೆದರೆ ಜರೀಗಿಡದ ಎಲೆ ಉದುರುವುದು. ಆ ವಿಷಯ ಕಲಿಸುವ ಕಾಲೇಜಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಹುಡುಗಿ ಅಷ್ಟು ದೂರ ಒದ್ದಾಡುವುದು ಬೇಡವೆಂದು ನನ್ನ ಅಣ್ಣ ನಡೆದು ಹೋಗುವಷ್ಟು ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ.ಗೆ ಅರ್ಜಿ ತುಂಬಿ, ನನ್ನ ಸಹಿಯನ್ನೂ ತಾನೇ ಹಾಕಿ, ಸೀಟು ತಂದ. ಬರುವಾಗ ಮೈಸೂರು ಪಾಕು ತಂದಿದ್ದ. ಎಲ್ಲರ ಜತೆ ನಾನೂ ತಿಂದೆ. ಆಮೇಲೆ ಒಂದು ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ. ಕೆಟ್ಟ ಬದುಕೇನಲ್ಲ. ಅಣ್ಣನ ಮೇಲೆ ಪ್ರೀತಿಯೂ ಕಡಿಮೆಯಾಗಲಿಲ್ಲ. ಆದರೂ ಲಾಲ್‌ಬಾಗಿಗೆ ಹೋದರೆ ಗಿಡಗಳ ಕೆಳಗಿನ ಹೆಸರಿನ ಫಲಕಗಳನ್ನು ಒಂದೂ ಬಿಡದೆ ಓದುತ್ತೇನೆ, ಜತೆಗೆ ಬಂದವರು ಗೇಟಿನ ಹತ್ತಿರ ಕಾಯುತ್ತಾರೆ. ಈ ಮಾತನ್ನು ಅಣ್ಣನಿಗೆ ಒಂದು ದಿನವೂ ಹೇಳಿರಲಿಲ್ಲ.

ಸೋಜಿಗ ನೋಡಿ, ಭಾಗ್ಯಳ ಸಾಲು ಬದಲಾಯಿಸುವಾಗ ಇದೊಂದೂ ನನಗೆ ನೆನಪಾಗಲಿಲ್ಲ. ನೆನಪಾದದ್ದು ಪೇಡಾ ತಿಂದ ಮೇಲೆ. ಮರುದಿನ ಬೆಳಗ್ಗೆ ಬೈಯಪ್ಪನಹಳ್ಳಿಗೆ ಆಟೋ ಹಿಡಿದು, ಮೆಟ್ರೋ ಹತ್ತಿ ಹಲಸೂರಿಗೆ ಹೋದೆ. ಅಣ್ಣ ಇನ್ನೂ ಆ ಹಳೆಯ ಮನೆಯಲ್ಲೇ ಇದ್ದಾನೆ, ಎಪ್ಪತ್ತೆರಡಾಯಿತು. ಜಗುಲಿಯಲ್ಲಿ ಕೂತು ಪೇಪರು ಓದುತ್ತಿದ್ದ. ಅತ್ತಿಗೆ ಉಪ್ಪಿಟ್ಟು ಕೊಟ್ಟು ಒಳಗೆ ಹೋದರು. ಇವತ್ತು ಬಿಟ್ಟರೆ ಇನ್ನು ಕೇಳುವುದೇ ಇಲ್ಲ ಎನ್ನಿಸಿ ಕೇಳಿಯೇಬಿಟ್ಟೆ, ಅಣ್ಣ, ಅವತ್ತು ನನ್ನನ್ನು ಯಾಕೆ ಬಿ.ಕಾಂ.ಗೆ ಸೇರಿಸಿದೆ ಎಂದು.

ಅವನು ಪೇಪರು ಮಡಚಿದ. ಅವನ ಮುಖದಲ್ಲಿ ಬರೀ ಆಶ್ಚರ್ಯ.

"ನಾನೆಲ್ಲಿ ಸೇರಿಸ್ದೆ? ನೀನೇ ಹಠ ಹಿಡಿದಿದ್ಯಲ್ಲೇ, ಕಾಮರ್ಸೇ ಬೇಕು ಅಂತ. ಆ ಸೀಟಿಗೆ ನಾನು ಎಷ್ಟು ಓಡಾಡಿದೀನಿ ಗೊತ್ತಾ? ಚಪ್ಪಲಿ ಸವೆದುಹೋಯ್ತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಅಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತದೆ. ಕಿವಿ ಬೆಳ್ಳಗೇ ಇತ್ತು. ತಂಗಿ ಆಸೆಪಟ್ಟದ್ದನ್ನು ಕಷ್ಟಪಟ್ಟು ಕೊಡಿಸಿದ ಅಣ್ಣನಾಗಿ ಅವನು ಇಷ್ಟು ವರ್ಷ ಬದುಕಿದ್ದಾನೆ. ಅದನ್ನು ಈಗ ಕಿತ್ತುಕೊಂಡು ನಾನೇನು ಮಾಡಲಿ? ಹೌದಲ್ಲ, ಮರೆತೇಹೋಗಿತ್ತು ಎಂದು ಉಪ್ಪಿಟ್ಟು ತಿಂದೆ. ಅವನು ಖುಷಿಯಾಗಿ ಸವೆದ ಚಪ್ಪಲಿಯ ಕಥೆಯನ್ನು ಇನ್ನೊಂದು ಸಲ ಹೇಳಿದ.

ವಾಪಸ್ಸು ಬರುವಾಗ ಮೆಟ್ರೋದಲ್ಲಿ ಕೂತ ನನಗೆ ನಿಜವಾಗಿ ಹೆದರಿಕೆಯಾಯಿತು. ಹತ್ತು ವರ್ಷ ಕಳೆದ ಮೇಲೆ ನಾನೂ ಹೀಗೇ ಆಗುತ್ತೇನೆ. ಭಾಗ್ಯಳಿಗೆ ಕಂಪ್ಯೂಟರೇ ಬೇಕಿತ್ತು, ನಾನೇ ಕೂತು ತುಂಬಿಸಿಕೊಟ್ಟೆ ಎಂದು ಬೀದಿಯವರಿಗೆಲ್ಲ ಹೇಳುತ್ತೇನೆ. ಆಗ ನನ್ನ ಕಿವಿಯೂ ಕೆಂಪಾಗುವುದಿಲ್ಲ. ಆ ಹುಡುಗಿ, ನಾನು ಮಾಡಿದ ಹಾಗೇ, ಹೌದು ಆಂಟಿ ಎಂದು ನನ್ನ ಮುಂದೆ ಕೂತು ಉಪ್ಪಿಟ್ಟು ತಿನ್ನುತ್ತಾಳೆ. ಬೈಯಪ್ಪನಹಳ್ಳಿ ಬಂದದ್ದೇ ಗೊತ್ತಾಗಲಿಲ್ಲ, ಪಕ್ಕದ ಹೆಂಗಸು ಭುಜ ಮುಟ್ಟಿ ಇಳಿಸಿದಳು.

ಸಂಜೆ ಮಹಡಿ ಹತ್ತಿದೆ. ಮಂಡಿನೋವಿನಿಂದ ನಾನು ಆ ಮೆಟ್ಟಿಲು ಹತ್ತಿ ವರ್ಷವಾಗಿತ್ತು. ನೀಲಮ್ಮ ಇನ್ನೂ ಪೀಜಿಯಿಂದ ಬಂದಿರಲಿಲ್ಲ. ಶರಣಪ್ಪ ಗೋಡೆಗೊರಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನನ್ನನ್ನು ನೋಡಿ ಗಾಬರಿಯಿಂದ ಏಳಹೋದ, ಬೇಡವೆಂದೆ. ಭಾಗ್ಯ ಬಟ್ಟೆ ಮಡಚುತ್ತಿದ್ದಳು. ದಾರಿಯುದ್ದಕ್ಕೂ ಪೀಠಿಕೆಯೊಂದನ್ನು ಕಟ್ಟಿಕೊಂಡು ಬಂದಿದ್ದೆ, ಅವಳ ಮುಖ ನೋಡಿದೊಡನೆ ಅದೆಲ್ಲ ಹಾರಿಹೋಯಿತು.

"ನೀನು ತಪ್ಪು ಒತ್ತಿರಲಿಲ್ಲ ಭಾಗ್ಯ. ನೀನಿಲ್ಲದಾಗ ನಾನು ಬದಲಾಯಿಸಿದೆ" ಎಂದೆ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಒಂದ್ ಮಾತು ಕೇಳ್ಬಹುದಿತ್ತಲ್ಲ ಆಂಟಿ" ಎಂದಳು, ಅಷ್ಟೇ. ಕಣ್ಣು ತುಂಬಿತ್ತು. ನನಗೂ ತುಂಬಿತು. ಅರವತ್ತನಾಲ್ಕು ವರ್ಷದ ಹೆಂಗಸು ಹದಿನೆಂಟರ ಹುಡುಗಿಯ ಮುಂದೆ ತಪ್ಪಾಯಿತು ಎಂದು ನಿಂತಿದ್ದೆ. ಆಗ ಶರಣಪ್ಪ ಗೋಡೆ ಹಿಡಿದು ಎದ್ದ. ಅವನಿಗೆ ನಾನು ಮಾಡಿದ್ದು ಆ ಕ್ಷಣದವರೆಗೆ ಗೊತ್ತೇ ಇರಲಿಲ್ಲ. ಆದರೂ ಒಂದು ಉಸಿರೂ ತಡಮಾಡದೆ ಹೇಳಿದ, "ಅಮ್ಮಾರದೇನಿಲ್ಲವ್ವಾ. ನಾನ ಅವರಿಗಿ ಹೇಳಿದ್ದೆ. ತಪ್ಪ ನಂದದ."

ಭಾಗ್ಯ ಅಪ್ಪನ ಕಡೆ ತಿರುಗಿದಳು. ಈಗ ಅವಳ ಬಾಯಲ್ಲಿ ಬಂದದ್ದು ಮಹಡಿಯ ಮೇಲಿನ ಕನ್ನಡ.

"ಅವತ್ತೂ ಹಿಂಗೇ ಅಂದಿ ನೀ. ಇಂದಿರಾನಗರದಾಗ."

ಶರಣಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ನನಗಂತೂ ಏನೂ ತಿಳಿಯಲಿಲ್ಲ. ಭಾಗ್ಯ ಹೇಳಿದಳು. ಅವಳಿಗೆ ಆಗ ಹತ್ತು ವರ್ಷ, ಬೇಸಿಗೆ ರಜೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅಪ್ಪ ಅವಳನ್ನೂ ಜತೆಗೆ ಕರೆದೊಯ್ದಿದ್ದ. ಇಂದಿರಾನಗರದ ಒಂದು ಫ್ಲ್ಯಾಟಿನಲ್ಲಿ ಅವನು ಎಂಟು ತಿಂಗಳ ಹಿಂದೆ ಹಾಕಿದ್ದ ಹಜಾರದ ಟೈಲ್ಸ್ ಒಂದು ಮಧ್ಯಾಹ್ನ ಪಟಾರ್ ಎಂದು ಸದ್ದು ಮಾಡಿ, ಎರಡು ಸಾಲು ಎದುರುಬದುರು ಮೇಲೆದ್ದು ನಿಂತಿದ್ದವು. ಮನೆಯವರು ಕರೆಸಿದ್ದರು. ಬಾಲ್ಕನಿಯಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದ ಭಾಗ್ಯ ಎಲ್ಲವನ್ನೂ ಕೇಳಿಸಿಕೊಂಡಳು. ಆ ಮನೆಯಾತ ಆಡಬಾರದ ಮಾತೆಲ್ಲ ಆಡಿದ. ಶರಣಪ್ಪ ಎದ್ದ ಟೈಲೊಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ, ಕೆಳಗಿನ ಗಾರೆಯನ್ನು ಮುಟ್ಟಿ ನೋಡಿದ, ಏನೂ ಗೊತ್ತಾಗಲಿಲ್ಲ. ಕಡೆಗೆ, ತಪ್ಪು ನಂದೇ ಸರ್ ಎಂದ. ನಾಲ್ಕು ದಿನ ಕೂತು ಇಡೀ ಹಜಾರವನ್ನು ಮತ್ತೆ ಹಾಕಿಕೊಟ್ಟ.

"ಒಂದೊಂದ ಬಡದ್ ನೋಡೇ ಕೂಡಿಸ್ತಿದ್ದಿ ನೀ. ನಾ ಕಂಡೀನಿ" ಎಂದಳು ಭಾಗ್ಯ. "ಟೈಲ್ಸ್ ಸುಡೋದ್ರಾಗ ಹೆಚ್ಚು ಕಮ್ಮಿ ಆಗಿತ್ತೋ, ಸಿಮೆಂಟಿಂದಿತ್ತೋ, ನಡುವ ಗ್ಯಾಪ್ ಬಿಡಬ್ಯಾಡ ಅಂದವರದಿತ್ತೋ, ನಿಂದೇ ಇತ್ತೋ. ಅಲ್ಲಿ ಇದ್ದವರಿಗಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ನೀ ನಂದ ಅಂದಿ. ಯಾರದಂತ ನನಗ ಗೊತ್ತಾಗ್ಬೇಕಪ್ಪ. ಅದಕ್ಕ ಓದ್ತೀನಿ."

ಎಂಟು ವರ್ಷದಿಂದ ಇದನ್ನು ಒಳಗಿಟ್ಟುಕೊಂಡ ಹುಡುಗಿ ನನಗೆ ಹೇಳಿದ್ದು ಇಷ್ಟ ಆಂಟಿ, ಅಷ್ಟೇ ಎಂದು. ಸೆರಾಮಿಕ್ ಎಂದರೆ ಅವಳಿಗೆ ಟೀ ಪಾಟೂ ಅಲ್ಲ, ಸ್ಪಾರ್ಕ್ ಪ್ಲಗ್ಗೂ ಅಲ್ಲ. ಮಗಳು ಆ ಮಾತುಗಳನ್ನು ಕೇಳಿಸಿಕೊಂಡಿದ್ದಳೆಂದು ಶರಣಪ್ಪನಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಬಾಲ್ಕನಿಯಲ್ಲಿ ಆಡಿಕೊಂಡಿದ್ದಾಳೆ ಎಂದುಕೊಂಡಿದ್ದನಂತೆ. ಎಣ್ಣೆಯ ಕೈಯನ್ನು ಲುಂಗಿಗೆ ಒರೆಸಿದ, ಮತ್ತೆ ಒರೆಸಿದ, ಒರೆಸುತ್ತಲೇ ಇದ್ದ. ಆಮೇಲೆ ನನ್ನ ಕಡೆ ನೋಡಿ, ಕಂಪ್ಯೂ‍ಟರು ಈಗ ನಡೆಯುತ್ತದೆಯೇ ಎಂದು ಕೇಳಿದ.

ಮೂವರೂ ಕೆಳಗಿಳಿದೆವು. ಸಾಲು ಬದಲಾಯಿಸಲು ಮರುದಿನ ಮಧ್ಯಾಹ್ನದವರೆಗೆ ಸಮಯವಿತ್ತು. ಯಾರೂ ಅಷ್ಟು ಕಾಯುವ ಹಾಗಿರಲಿಲ್ಲ. ಹಾಳೆಯನ್ನು ಭಾಗ್ಯಳ ಕೈಗೆ ಕೊಟ್ಟು ನಾನು ದೂರ ನಿಂತೆ, ಸಲಹೆ ಬಾಯಿಗೆ ಬಂದೀತೆಂದು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಶರಣಪ್ಪನಿಗೆ ಕುರ್ಚಿ ಎಳೆದು ಕೊಟ್ಟೆ. ಅವನು ನನ್ನ ಮನೆಯ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಭಾಗ್ಯ ಸೆರಾಮಿಕ್ ಇದ್ದ ಸಾಲನ್ನು ಮೇಲಕ್ಕೆತ್ತಿ ಮೊದಲನೆಯ ಜಾಗದಲ್ಲಿಟ್ಟಳು. ಸರಿಯಾಗಿದೆಯೇ ಎಂದು ಎರಡು ಸಲ ಓದಿದಳು. ಇನ್ನೊಂದು ಗುಂಡಿ ಒತ್ತಿದರೆ ಮುಗಿಯಿತು. ಅವಳು ಒತ್ತದೆ ಅಪ್ಪನ ಮುಖ ನೋಡಿದಳು.

ಊರಿಗೆಲ್ಲ ಫೋನು ಮಾಡಿ ಹೇಳಿದ್ದನ್ನು ಇನ್ನು ಅಲ್ಲವೆಂದು ಹೇಳಬೇಕಲ್ಲ ಎಂಬ ಚಿಂತೆ ಅವನಿಗೆ ಇದ್ದೇ ಇತ್ತು. ಆದರೆ ಅವನು ಕೇಳಿದ್ದು ಅದನ್ನಲ್ಲ.

"ಭಾಗ್ಯಾ" ಎಂದ. "ಎಲ್ಲಾ ಕಲ್ತ ಮ್ಯಾಲ, ಅವತ್ತ ತಪ್ಪ ನಂದೇ ಇತ್ತು ಅಂತ ಗೊತ್ತಾತಂದ್ರ, ಅದನ್ನೂ ನನಗ ಹೇಳ್ಬೇಕ್ ನೋಡು. ನಮ್ಮಪ್ಪ ಅಂತ ಮುಚ್ಚಿಡಬ್ಯಾಡ."

ಅವಳು ಅಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಹೇಳ್ತೀನಪ್ಪ" ಎಂದು, ಗುಂಡಿ ಒತ್ತಿದಳು.